ಸ್ಪಷ್ಟನೆ: ಸಾಲಿನ ಅಂತರಕ್ಕೆ 120% ಅನ್ನುವುದು ನಿಯಮವಲ್ಲ

‘ಯಾವ ಅಕ್ಷರವಾದರೂ ಸರಿ, ಸಾಲುಗಳ ಅಂತರ ಅಕ್ಷರದ ಗಾತ್ರದ 120% ಇಟ್ಟರೆ ಸಾಕು’ ಅನ್ನುವ ಟಿಪ್ ಡಿಸೈನರ್‌ಗಳ ನಡುವೆ ಹರಿದಾಡುತ್ತಿದೆ. ಇದು ಸರಿಯಲ್ಲ. 120% ಅನ್ನುವುದು ಇನ್‌ಡಿಸೈನ್‌ನಂಥ ಪುಟ ವಿನ್ಯಾಸದ ಸಾಫ್ಟ್‌ವೇರ್ ತಾನಾಗಿ ಹಾಕಿಕೊಡುವ ಅಳತೆ, ಅಷ್ಟೇ. ಅಂದರೆ 10 ಪಾಯಿಂಟ್ ಅಕ್ಷರಕ್ಕೆ 12 ಪಾಯಿಂಟ್ ಲೀಡಿಂಗ್ (ಒಂದು ಸಾಲಿನ ಬುಡದಿಂದ ಮುಂದಿನ ಸಾಲಿನ ಬುಡಕ್ಕೆ ಇರುವ ದೂರ). ಇಂಗ್ಲಿಷ್‌ಗೆ ಬಹಳ ಸಲ ನಡೆಯುತ್ತದೆ. ಆದರೆ ಕನ್ನಡದಲ್ಲಿ ಒತ್ತಕ್ಷರ ಕೆಳಗೆ ಇಳಿಯುತ್ತದೆ ಅಲ್ವಾ? ‘ರಾಷ್ಟ್ರ’ ಅಂತ ಟೈಪ್ ಮಾಡಿ, ಸರಿಯಾಗಿ ಅದರ ಕೆಳಗೆ ‘ಕಿಟಕಿ’ ಬರುವ ಹಾಗೆ ಇಡಿ. ಎಷ್ಟೋ ಫಾಂಟ್‌ಗಳಲ್ಲಿ ಮೇಲಿನ ಒತ್ತು ಕೆಳಗಿನ ಗುಡಿಸಿಗೆ ತಗಲಿಕೊಂಡ ಹಾಗೆ ಕಾಣುತ್ತದೆ. ಓದುವವರ ಕಣ್ಣಿಗೆ ಇದು ನಿಜವಾಗಿ ತೊಂದರೆ. ಸುಮಾರು 140%ರಿಂದ ಶುರು ಮಾಡಿ, ಪ್ರಿಂಟ್ ತೆಗೆದು ನೋಡಿ, ಆಮೇಲೆ ತೀರ್ಮಾನಿಸಿ. ಸಾಲು ಉದ್ದವಾದಷ್ಟೂ ಅಂತರ ಜಾಸ್ತಿ ಬೇಕು. ದೊಡ್ಡ ಶೀರ್ಷಿಕೆಗೆ ಕಡಿಮೆ ಸಾಕು, ಒತ್ತು ಮಾತ್ರ ಮುಟ್ಟಬಾರದು.