ಢಂ! ಜಾಹೀರಾತಿನ ನಂತರ ಹಾವು

ಒಂದು ಹಾವು ಕಲ್ಲಿನ ಅಡಿಯಿಂದ ಹೊರಬರುವುದನ್ನು ನೋಡಲು ನಾನು ಮತ್ತು ನನ್ನ ಮೊಮ್ಮಗ ಕಳೆದ ಭಾನುವಾರ ಒಂದು ಗಂಟೆ ಕುಳಿತಿದ್ದೆವು. ವಾಹಿನಿಯ ಹೆಸರು ಬೇಡ; ಜ್ಞಾನ ನೀಡುವುದು ಅದರ ಕಸುಬು ಎಂದಷ್ಟೇ ತಿಳಿದರೆ ಸಾಕು. ಹಾವು ತಲೆ ಹೊರಹಾಕಿತು. ಢಂ ಎಂದಿತು. ಹಾವಲ್ಲ, ಹಿನ್ನೆಲೆ ಸಂಗೀತ. ಪರದೆ ಕಪ್ಪಾಯಿತು. ಸೋಪು, ಸಿಮೆಂಟು, ಮೊಣಕಾಲು ನೋವಿನ ಎಣ್ಣೆ, ಮತ್ತೆ ಸೋಪು. ಮರಳಿ ಬಂದಾಗ ಹಾವು ಕಲ್ಲಿನ ಒಳಗೇ ಇತ್ತು. ಸೋಪಿನ ನಡುವೆ ನಮಗೆ ಹಿಂದಿನದೆಲ್ಲ ಮರೆತುಹೋಗಿರುತ್ತದೆ ಎಂದು ನಂಬಿರುವ ವಾಹಿನಿಯವರು ಕಥೆಯನ್ನು ಮೊದಲಿನಿಂದ ಹೇಳತೊಡಗಿದ್ದರು. ಮತ್ತೆ ತಲೆ. ಮತ್ತೆ ಢಂ. ಮತ್ತೆ ಸಿಮೆಂಟು. ಹರಿಕಥೆಯ ದಾಸರೂ ಹಿಂದಿನ ಕಥೆಯನ್ನು ನೆನಪಿಸುತ್ತಿದ್ದರು, ನಿಜ. ಆದರೆ ಅವರು ನೆನಪಿಸುತ್ತಿದ್ದದ್ದು ನಿನ್ನೆಯ ಕಥೆಯನ್ನು, ಐದು ನಿಮಿಷದ ಹಿಂದಿನದನ್ನಲ್ಲ.

ಯಕ್ಷಗಾನದಲ್ಲಿ ಬಣ್ಣದ ವೇಷ ಬರುವಾಗ ಚೆಂಡೆ ಹೀಗೆಯೇ ಮೊರೆಯುತ್ತದೆ. ಅಲ್ಲಿ ಚೆಂಡೆಯ ಹಿಂದೆ ನಿಜಕ್ಕೂ ಒಬ್ಬ ರಾಕ್ಷಸ ಬರುತ್ತಾನೆ. ಇಲ್ಲಿ ಬರುವುದು ಸಿಮೆಂಟು.

ಇನ್ನು ನಿರೂಪಕರ ದನಿ. ಪಕ್ಕದ ಕೋಣೆಯಲ್ಲಿ ಹಸುಗೂಸು ಮಲಗಿದೆಯೇನೋ ಎಂಬಂತೆ ಅವರು ಪಿಸುಗುಟ್ಟುತ್ತಾರೆ. ಆ ಪಿಸುಮಾತಿನ ಮೇಲೆ ಪಿಟೀಲು, ಪಿಟೀಲಿನ ಮೇಲೆ ನಗಾರಿ. ಡಬ್ಬಿಂಗ್ ಎಂದರೆ ಮೂಲದ ಮಾತನ್ನು ತೆಗೆದು ನಮ್ಮ ಮಾತನ್ನು ಹಾಕುವುದು ಎಂದುಕೊಂಡಿದ್ದೆ. ಇಲ್ಲಿ ಇಂಗ್ಲಿಷಿನ ವಿಜ್ಞಾನಿ ಮೊದಲು ಎರಡು ಪದ ಗಟ್ಟಿಯಾಗಿ ಆಡಿ, ಆಮೇಲೆ ಮನೆ ಖಾಲಿ ಮಾಡದ ಬಾಡಿಗೆದಾರನಂತೆ ಕೆಳಮಹಡಿಗೆ ಇಳಿದು ಅಲ್ಲಿಂದಲೇ ಗೊಣಗುತ್ತಿರುತ್ತಾನೆ. ಇಬ್ಬರಲ್ಲಿ ಒಬ್ಬರ ಮಾತಾದರೂ ಕೇಳಿಸಲಿ ಎಂದು ರಿಮೋಟನ್ನು ಒತ್ತಿ ಒತ್ತಿ ಧ್ವನಿ ಏರಿಸಿದೆ. ಸರಿಯಾಗಿ ಆ ಕ್ಷಣಕ್ಕೆ ಸೋಪು ಬಂದಿತು. ಎದುರು ಮನೆಯ ನಾಯಿ ಎದ್ದು ಕುಳಿತಿತು. ನನ್ನ ಹೆಂಡತಿ ಅಡುಗೆಮನೆಯಿಂದ ಓಡಿಬಂದು ಯಾರಿಗೆ ಏನಾಯಿತು ಎಂದು ಕೇಳಿದಳು.

ಇದಕ್ಕೆ ಕಾನೂನಿಲ್ಲವೇ ಎಂದು ಕೇಳಬೇಡಿ, ಇದೆ. 1994ರ ಕೇಬಲ್ ಟೆಲಿವಿಷನ್ ನಿಯಮಗಳ ಪ್ರಕಾರ ಜಾಹೀರಾತಿನ ಚಿತ್ರವಾಗಲಿ ಶಬ್ದವಾಗಲಿ ವಿಪರೀತ ‘ಜೋರು’ ಆಗಿರಬಾರದು. ಜೋರು ಎಂಬುದಕ್ಕೆ ಉದ್ಧರಣ ಚಿಹ್ನೆ ಹಾಕಿದವನು ನಾನಲ್ಲ, ನಿಯಮದಲ್ಲೇ ಅದು ಹಾಗಿದೆ. ‘ಜೋರು’ ಅಂದರೆ ನಿಜವಾದ ಜೋರು ಎಂದುಕೊಳ್ಳಬೇಡಿ, ಅದೊಂದು ಮಾತು ಅಷ್ಟೇ ಎಂದು ಕಣ್ಣು ಮಿಟುಕಿಸಿದಂತೆ. ಗಂಟೆಗೆ 12 ನಿಮಿಷಕ್ಕಿಂತ ಹೆಚ್ಚು ಜಾಹೀರಾತು ಇರಬಾರದು ಎಂಬುದೂ ಅದೇ ನಿಯಮಗಳಲ್ಲಿದೆ. ನನ್ನ ಮನೆಯ ಗಡಿಯಾರ ಮುಂದೆ ಓಡುತ್ತದೆ ಎಂದು ಇಟ್ಟುಕೊಳ್ಳೋಣ. ಅಮೆರಿಕದವರು ಧ್ವನಿಗೆಂದೇ ಒಂದು ಪ್ರತ್ಯೇಕ ಕಾಯ್ದೆ ಮಾಡಿ, ಜಾಹೀರಾತಿನ ಸರಾಸರಿ ಸದ್ದು ಕಾರ್ಯಕ್ರಮದ ಸದ್ದನ್ನು ಮೀರಬಾರದು ಎಂದು 2012ರ ಡಿಸೆಂಬರಿನಿಂದ ಜಾರಿಗೆ ತಂದರು. ಇದಕ್ಕೆ ವಾಹಿನಿಯವರು ಸುಲಭ ಪರಿಹಾರ ಕಂಡುಕೊಂಡಿರಬೇಕು ಎಂದು ನನ್ನ ಗುಮಾನಿ: ಕಾರ್ಯಕ್ರಮವನ್ನೇ ಜಾಹೀರಾತಿನಷ್ಟು ಜೋರು ಮಾಡಿಬಿಟ್ಟರು.

ಜ್ಞಾನದ ವಾಹಿನಿಗಳ ಈ ಮನೆತನದ ಹಿರಿಯರು ಇಂಥವರಾಗಿರಲಿಲ್ಲ. 1974ರಲ್ಲಿ ಅಮೆರಿಕದ ನಾಸಾ ಎಟಿಎಸ್-6 ಎಂಬ ಉಪಗ್ರಹವನ್ನು ಹಾರಿಸಿತು. ಅಪಲಾಚಿಯ ಬೆಟ್ಟಗಾಡಿನ ಬಡ ಊರುಗಳ ಶಾಲಾ ಶಿಕ್ಷಕರಿಗೆ ಪಾಠ ಹೇಳುವುದು ಅದರ ಕೆಲಸಗಳಲ್ಲಿ ಒಂದಾಗಿತ್ತು. ಮರುವರ್ಷ ಅದೇ ಉಪಗ್ರಹವನ್ನು ಆಕಾಶದಲ್ಲಿ ಇತ್ತ ಸರಿಸಿ ನಮಗೆ ಒಂದು ವರ್ಷದ ಮಟ್ಟಿಗೆ ಎರವಲು ಕೊಟ್ಟರು. 1975ರ ಆಗಸ್ಟ್ 1ರಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಪಾಠ ಶುರುವಾಯಿತು. ನಮ್ಮ ರಾಯಚೂರು, ಗುಲ್ಬರ್ಗಾ, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಅವುಗಳಲ್ಲಿದ್ದವು. ಕೋಳಿಗೂಡಿಗೆ ಹಾಕುವ ತಂತಿಬಲೆಯಿಂದ ಮಾಡಿದ ಮೂರು ಮೀಟರ್ ಅಗಲದ ಆಂಟೆನಾ, ಊರಿಗೊಂದು ಟಿವಿ, ಅದರ ಮುಂದೆ ಇಡೀ ಊರು. ಬೆಳಿಗ್ಗೆ ಮಕ್ಕಳಿಗೆ ಪಾಠ, ಸಂಜೆ ದೊಡ್ಡವರಿಗೆ ಬೇಸಾಯ ಮತ್ತು ಆರೋಗ್ಯ. ಒಂದು ಚಿತ್ರದ ಜೊತೆಗೆ ಎರಡು ಭಾಷೆಗಳ ದನಿಯನ್ನು ಬೇರೆ ಬೇರೆಯಾಗಿ ಕಳಿಸುವ ಏರ್ಪಾಡೂ ಅದರಲ್ಲಿತ್ತು. ಕೋಳಿಬಲೆಯ ಕಾಲದಲ್ಲಿ ಪ್ರತ್ಯೇಕವಾಗಿದ್ದ ಎರಡು ದನಿಗಳು ಈಗ ಒಂದರ ಮೇಲೊಂದು ಬಿದ್ದು ಹೊರಳಾಡುತ್ತಿವೆ. ಪ್ರಗತಿ ಎಂದರೆ ಇದೇ ಇರಬೇಕು.

ಸಾಲ ತೀರಿಸಿ ಉಪಗ್ರಹ ಹಿಂದಿರುಗಿತು. ಅಪಲಾಚಿಯದ ಆ ಶಿಕ್ಷಣ ಯೋಜನೆ 1980ರಲ್ಲಿ ‘ದಿ ಲರ್ನಿಂಗ್ ಚಾನೆಲ್’ ಎಂಬ ಹೆಸರು ಪಡೆಯಿತು. 1991ರಲ್ಲಿ ಅದನ್ನು ಡಿಸ್ಕವರಿಯವರು ಕೊಂಡರು. ಕೆಲವೇ ವರ್ಷಗಳಲ್ಲಿ ಪೂರ್ತಿ ಹೆಸರು ಮರೆಯಾಗಿ ಟಿಎಲ್‌ಸಿ ಎಂಬ ಮೂರು ಅಕ್ಷರ ಉಳಿಯಿತು. ಒಳ್ಳೆಯದೇ ಆಯಿತು, ‘ಕಲಿಕೆ’ ಎಂದು ಬೋರ್ಡು ಹಾಕಿಕೊಂಡವರಿಗೆ ಸಂಕೋಚ ಇರುತ್ತದೆ. ಸಂಕೋಚ ಕಳೆದ ಮೇಲೆ ಆ ವಾಹಿನಿಯಲ್ಲಿ ಮಕ್ಕಳ ಸೌಂದರ್ಯ ಸ್ಪರ್ಧೆಗಳು ಬಂದವು, ವಿದೇಶಿ ವರ ವೀಸಾದ ಮೇಲೆ ಬಂದಿಳಿದು 90 ದಿನದೊಳಗೆ ತಾಳಿ ಕಟ್ಟಬೇಕಾದ ಜೋಡಿಗಳ ಜಗಳ ಬಂದಿತು, 2018ರಲ್ಲಿ ರೋಗಿಗಳ ಗಂಟುಗಳನ್ನು ಹಿಂಡಿ ತೆಗೆಯುವ ಚರ್ಮವೈದ್ಯೆ ಬಂದರು. ರಾಯಚೂರಿನ ರೈತನಿಗೆ ಹುಳುಬಾಧೆಯ ಬಗ್ಗೆ ತಿಳಿಸಿದ ವಂಶ ಆಮೇಲೆ ಕ್ಯಾಲಿಫೋರ್ನಿಯದ ಮೊಡವೆಯ ಬಗ್ಗೆ ತಿಳಿಸಿತು. ಎರಡೂ ಒಂದು ರೀತಿಯಲ್ಲಿ ಕೀಟಲೆಯ ವಿಷಯವೇ ತಾನೇ.

ಅಕ್ಕತಂಗಿ ವಾಹಿನಿಗಳೂ ಹಿಂದೆ ಬೀಳಲಿಲ್ಲ. 2012ರಲ್ಲಿ ಅನಿಮಲ್ ಪ್ಲಾನೆಟ್ ಮತ್ಸ್ಯಕನ್ಯೆಯರ ಅಸ್ತಿತ್ವದ ಬಗ್ಗೆ ಸಾಕ್ಷ್ಯಚಿತ್ರದ ವೇಷ ತೊಟ್ಟ ಕಟ್ಟುಕಥೆಯೊಂದನ್ನು ಪ್ರಸಾರ ಮಾಡಿತು. ನಂಬಿದವರು ಎಷ್ಟು ಜನವೋ, ಸಾಗರ ಮತ್ತು ಹವಾಮಾನ ನೋಡಿಕೊಳ್ಳುವ ಅಮೆರಿಕದ ಸರ್ಕಾರಿ ಇಲಾಖೆಯೇ ಸಮುದ್ರದಲ್ಲಿ ಮನುಷ್ಯರೂಪದ ಜೀವಿಗಳಿರುವುದಕ್ಕೆ ಪುರಾವೆ ಸಿಕ್ಕಿಲ್ಲ ಎಂದು ಅಧಿಕೃತವಾಗಿ ಪ್ರಕಟಿಸಬೇಕಾಯಿತು. ಮರುವರ್ಷ ಡಿಸ್ಕವರಿಯವರು ಲಕ್ಷಾಂತರ ವರ್ಷಗಳ ಹಿಂದೆ ನಿರ್ನಾಮವಾದ ದೈತ್ಯ ಶಾರ್ಕ್ ಇನ್ನೂ ಬದುಕಿದೆ ಎಂದು ತೋರಿಸಿದರು; ವಿಜ್ಞಾನಿಗಳಾಗಿ ಬಂದವರು ನಟರು. 2014ರಲ್ಲಿ ಒಬ್ಬಾತ ಕವಚ ತೊಟ್ಟು ಅನಕೊಂಡಾದ ಹೊಟ್ಟೆಯೊಳಗೆ ಹೋಗಿ ಬರುವೆನೆಂದು ತಿಂಗಳುಗಟ್ಟಲೆ ಡಂಗುರ ಸಾರಲಾಯಿತು. ಆ ದಿನ ಬಂದಾಗ ಹಾವು ಸುತ್ತಿಕೊಂಡಿತು, ಕೈಗೆ ನೋವಾಯಿತು, ಆತ ಸಾಕೆಂದ. ನುಂಗಿಸಿಕೊಂಡವರು ಟಿವಿಯ ಮುಂದೆ ಕುಳಿತಿದ್ದವರು. 2017ರಲ್ಲಿ ಈಜುಗಾರ ಮೈಕೆಲ್ ಫೆಲ್ಪ್ಸ್ ಶಾರ್ಕಿನ ಜೊತೆ ಸ್ಪರ್ಧಿಸುತ್ತಾರೆಂದು ಜಗತ್ತೇ ಕಾದಿತ್ತು. ಶಾರ್ಕ್ ಕಂಪ್ಯೂಟರಿನಲ್ಲಿ ಬಿಡಿಸಿದ ಚಿತ್ರವಾಗಿತ್ತು. ಆದರೂ ಅದೇ ಗೆದ್ದಿತು.

1995ರಲ್ಲಿ ಹುಟ್ಟಿದ ಹಿಸ್ಟರಿ ಚಾನೆಲ್‌ನದು ಇನ್ನೊಂದು ದಾರಿ. ಮೊದಮೊದಲು ಹಿಟ್ಲರನ ಯುದ್ಧವನ್ನೇ ತೋರಿಸಿ ತೋರಿಸಿ ಜನರಿಂದ ‘ಹಿಟ್ಲರ್ ಚಾನೆಲ್’ ಎಂದು ಕರೆಸಿಕೊಂಡಿತು. ಆಮೇಲೆ ಮಂಜಿನ ಮೇಲೆ ಲಾರಿ ಓಡಿಸುವವರನ್ನೂ ಲಾಸ್ ವೇಗಸ್‌ನ ಗಿರವಿ ಅಂಗಡಿಯನ್ನೂ ತೋರಿಸಿತು. ಗಿರವಿಗೆ ಇಟ್ಟದ್ದು ಇತಿಹಾಸವನ್ನೇ ಎಂದು ಆಗ ನಮಗೆ ಹೊಳೆಯಲಿಲ್ಲ. ಕೊನೆಗೆ ಪುರಾತನ ಕಾಲದ ಕಟ್ಟಡಗಳೆಲ್ಲ ಅನ್ಯಗ್ರಹದವರ ಗುತ್ತಿಗೆ ಕಾಮಗಾರಿ ಎಂಬಲ್ಲಿಗೆ ಬಂದು ನಿಂತಿತು. ಇಲ್ಲಿ ಎಲ್ಲವೂ ಪ್ರಶ್ನಾರ್ಥಕ. ‘ಇವರು ಆಕಾಶದಿಂದ ಬಂದವರಾಗಿರಬಹುದೇ?’ ‘ಇರಬಹುದೇ’ ಎಂಬ ಒಂದು ಪದ ಗಂಟಲಲ್ಲಿದ್ದರೆ ಏನನ್ನು ಬೇಕಾದರೂ ಹೇಳಬಹುದು, ಸುಳ್ಳು ಹೇಳಿದ ಪಾಪವೂ ಬರುವುದಿಲ್ಲ.

ಆ ಪದ ನನ್ನ ಮೊಮ್ಮಗನಿಗೂ ಅಂಟಿದೆ. ಬೇಲೂರಿಗೆ ಕರೆದುಕೊಂಡು ಹೋಗಿದ್ದಾಗ ಕಡೆದ ಕಂಬವನ್ನು ಸವರಿ, “ತಾತ, ಇದನ್ನು ಅನ್ಯಗ್ರಹದವರು ಮಾಡಿರಬಹುದೇ?” ಎಂದ. ಬಳಪದ ಕಲ್ಲು ಅಗೆದಾಗ ಮೃದುವಾಗಿರುತ್ತದೆ, ಗಾಳಿಗೆ ಬರಬರುತ್ತಾ ಗಟ್ಟಿಯಾಗುತ್ತದೆ ಎಂದೆಲ್ಲ ಹೇಳಿದೆ. ಅವನು ಢಂ ಎಂಬ ಸದ್ದಿಗಾಗಿ ಕಾಯುತ್ತಿದ್ದ, ನನ್ನ ಬಳಿ ಅದಿರಲಿಲ್ಲ. ಕೊನೆಗೆ ಶಿಲ್ಪಿ ದಾಸೋಜ ತನ್ನ ಊರು ಬಳ್ಳಿಗಾವೆ ಎಂದು ಕೆತ್ತಿಸಿಕೊಂಡಿದ್ದಾನೆ, ಅವನ ಮಗ ಚಾವಣನೂ ಇಲ್ಲಿಯೇ ಕೆಲಸ ಮಾಡಿದ್ದಾನೆ ಎಂದೆ. ಬೇರೆ ಗ್ರಹದವರು ಶಿಕಾರಿಪುರ ತಾಲ್ಲೂಕಿನ ವಿಳಾಸ ಏಕೆ ಕೊಡುತ್ತಾರೆ? ಹುಡುಗ ಸ್ವಲ್ಪ ಯೋಚಿಸಿ, “ಬಳ್ಳಿಗಾವೆಯಲ್ಲಿ ಇಳಿದಿರಬಹುದೇ?” ಎಂದ.

ನಾವು ಕನ್ನಡಿಗರು ಇದರಿಂದ ಬಹುಕಾಲ ಅರ್ಧ ಬಚಾವಾಗಿದ್ದೆವು. ಡಬ್ಬಿಂಗ್ ಬೇಡವೆಂಬ ಅಲಿಖಿತ ಕಟ್ಟಳೆಯಿಂದಾಗಿ ಆಫ್ರಿಕದ ಸಿಂಹ ಕನ್ನಡ ಮಾತನಾಡಿದರೆ ಕನ್ನಡ ಉಳಿಯುವುದಿಲ್ಲ ಎಂದು ತೀರ್ಮಾನವಾಗಿ, ನಮ್ಮ ಮಕ್ಕಳು ಸಿಂಹವನ್ನು ಹಿಂದಿಯಲ್ಲೋ ತಮಿಳಿನಲ್ಲೋ ತೆಲುಗಿನಲ್ಲೋ ನೋಡಿದರು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಈ ತಡೆ ತಪ್ಪೆಂದಿತು. ವಾಹಿನಿಗಳು ಚೆನ್ನಾಗಿದ್ದ ಕಾಲದಲ್ಲಿ ನಮ್ಮ ಭಾಷೆಗೆ ಪ್ರವೇಶವಿರಲಿಲ್ಲ. ಬಾಗಿಲು ತೆರೆಯುವ ಹೊತ್ತಿಗೆ ಒಳಗೆ ಉಳಿದಿದ್ದದ್ದು ಗಿರವಿ ಅಂಗಡಿ.

ಸೋಮವಾರ ಕೇಬಲ್ ಹುಡುಗನನ್ನು ಕರೆಸಿದೆ. ಪೆಟ್ಟಿಗೆಯನ್ನು ತಟ್ಟಿ, ವೈರು ಎಳೆದು ನೋಡಿ, “ಧ್ವನಿ ಸರಿಯಾಗಿದೆ ಸರ್, ಕಾರ್ಯಕ್ರಮವೇ ಹಾಗೆ” ಎಂದ.

“ಹಾಗಾದರೆ ಈ ಜ್ಞಾನದ ವಾಹಿನಿಗಳನ್ನು ತೆಗೆದುಬಿಡಪ್ಪ.”

“ತೆಗೆಯಬಹುದು ಸರ್. ಆದರೆ ಇವು ಪ್ಯಾಕಿನಲ್ಲಿ ಬಂದಿರುವಂಥವು. ಪ್ಯಾಕ್ ಒಡೆದು ನಿಮಗೆ ಬೇಕಾದವನ್ನು ಬಿಡಿಬಿಡಿಯಾಗಿ ತೆಗೆದುಕೊಂಡರೆ ಬಿಲ್ಲು ಜಾಸ್ತಿಯಾಗುತ್ತದೆ.”

ಅಜ್ಞಾನಕ್ಕೆ ಹೆಚ್ಚು ದುಡ್ಡು ಕೊಡುವ ಶಕ್ತಿ ಪಿಂಚಣಿದಾರನಿಗೆ ಇಲ್ಲ. ಆದ್ದರಿಂದ ವಾಹಿನಿಗಳು ಹಾಗೆಯೇ ಇವೆ. ನಾನು ಧ್ವನಿಯನ್ನು ಪೂರ್ತಿ ಅಡಗಿಸಿ ನೋಡುತ್ತೇನೆ. ಹಾವು ಮೌನವಾಗಿ ತಲೆ ಹೊರಹಾಕುತ್ತದೆ, ನಾಲಿಗೆ ಚಾಚುತ್ತದೆ, ಎಷ್ಟು ಚೆನ್ನಾಗಿದೆ ಎಂದುಕೊಳ್ಳುವಷ್ಟರಲ್ಲಿ ಪಕ್ಕದಲ್ಲಿ ಕುಳಿತ ಮೊಮ್ಮಗ ಬಾಯಿಂದಲೇ ಢಂ ಎನ್ನುತ್ತಾನೆ.