ಬಾವುಟದ ಜೊತೆ ಪೊರಕೆಯೂ ಇರಲಿ
ಸ್ವಯಂಸೇವಕರು ಜಾಸ್ತಿ ಇದ್ದಷ್ಟೂ ಸೈಕಲ್ ರೇಸ್ ಸುರಕ್ಷಿತ ಅಂತ ಬರೆದಿದ್ದೀರಿ. ಅರ್ಧ ಒಪ್ಪುತ್ತೇನೆ. ಕ್ಲಬ್ ರೇಸುಗಳಲ್ಲಿ ತಿರುವಿನ ಹತ್ತಿರ ನಿಂತು ಸವಾರರನ್ನು ಎಚ್ಚರಿಸುವ ಕೆಲಸ ಮಾಡಿದ್ದೇನೆ. ಕೈಗೆ ಬಾವುಟ, ಬಾಯಿಗೆ ಸೀಟಿ ಕೊಟ್ಟು ಸುಮ್ನೆ ನಿಲ್ಲಿಸಿದರೆ ಸಾಲದು. ಗಂಟೆಗೆ 40 ಕಿ.ಮೀ. ವೇಗ ಅಂದರೆ ಸೆಕೆಂಡಿಗೆ 11 ಮೀಟರ್! ತಿರುವಿನಲ್ಲೇ ನಿಂತು ಬಾವುಟ ಬೀಸಿದರೆ ಹಿಂದಿನವರಿಗೆ ಕಾಣುವಷ್ಟರಲ್ಲಿ ಕೆಲಸ ಕೆಟ್ಟಿರುತ್ತದೆ. ತಿರುವಿಗೆ ಸಾಕಷ್ಟು ಮುಂಚೆಯೇ ಒಬ್ಬರು ನಿಲ್ಲಬೇಕು.

ಇನ್ನೊಂದು, ಪೊರಕೆ. ಇದನ್ನು ಯಾರೂ ಬರೆಯುವುದಿಲ್ಲ, ಅಲ್ವಾ? ತಿರುವಿನ ಒಳಮಗ್ಗುಲಲ್ಲಿ ಒಂದು ಹಿಡಿ ಜಲ್ಲಿಪುಡಿ ಬಿದ್ದಿದ್ದರೂ ರೇಸ್ ಸೈಕಲ್ಲಿನ ಸಪೂರ ಟೈರು ಜಾರುತ್ತದೆ. ಒಬ್ಬ ಬಿದ್ದರೆ ಅವನ ಮೇಲೆ ಐದಾರು ಜನ. ರೇಸಿಗೆ ಮುಂಚೆ ನಾನು ಮೊದಲು ಗುಡಿಸುತ್ತೇನೆ, ಆಮೇಲೆ ಚಹಾ.

ಕಾರಿನವರು ನುಗ್ಗಿದರೆ ಜಗಳಕ್ಕೆ ನಿಲ್ಲಬೇಡಿ. ಸೀಟಿ ಊದಿ ಸವಾರರನ್ನೇ ನಿಧಾನ ಮಾಡಿಸಿ.