ಅಜ್ಜನ ಗೋದಾಮು, ಪೋರ್ಟ್ ಲೂಯಿಯ ಕಣಜ

ಹೋದ ತಿಂಗಳು ಒಂದು ಶನಿವಾರ ಬೆಳಿಗ್ಗೆ ಮಾರಿಷಸ್‌ನ ರಾಜಧಾನಿ ಪೋರ್ಟ್ ಲೂಯಿಯಲ್ಲಿ ಕಾರು ನಿಲ್ಲಿಸಿ ಇಳಿಯುತ್ತಿದ್ದೆ. ಆಗಲೇ ಮಂಗಳೂರಿನಿಂದ ಭಾವನ ಮೆಸೇಜು ಬಂತು. ಒಂದು ಫೋಟೋ, ಕೆಳಗೆ ಒಂದು ಸಾಲು. "ನಿನ್ನ ಅಜ್ಜನ ಗೋದಾಮು ಹೋಯ್ತು ಮಾರಾಯ." ಫೋಟೋದಲ್ಲಿ ಜೆಸಿಬಿ, ಮುರಕಲ್ಲಿನ ಅರ್ಧ ಗೋಡೆ, ಒಡೆದ ಹೆಂಚಿನ ರಾಶಿ.

ಗೋದಾಮು ಅಜ್ಜನ ಸ್ವಂತದ್ದಲ್ಲ. ಹಳೇ ಬಂದರಿನಲ್ಲಿ ಒಬ್ಬ ಸಾಹುಕಾರರ ಹತ್ತಿರ ಅಜ್ಜ ಮೂವತ್ತು ವರ್ಷ ಲೆಕ್ಕ ಬರೆದರು. ಮನೆಗೆ ಬರುವಾಗ ಅವರ ಅಂಗಿಗೆ ಕರಿಮೆಣಸಿನ ಘಾಟು ಇರುತ್ತಿತ್ತಂತೆ. ಅದಕ್ಕೇ ಮನೆಮಂದಿಗೆಲ್ಲ ಅದು "ಅಜ್ಜನ ಗೋದಾಮು". ಈಗ ಆ ಜಾಗದಲ್ಲಿ ಫ್ಲ್ಯಾಟು ಬರುತ್ತದಂತೆ.

ಆ ಫೋಟೋ ನೋಡುವಾಗ ನಾನು ನಿಂತಿದ್ದದ್ದು ಎಲ್ಲಿ ಗೊತ್ತಾ? ಅದೂ ಒಂದು ಗೋದಾಮೇ. ಇಲ್ಲಿನವರು ಗ್ರೇನರಿ ಅನ್ನುತ್ತಾರೆ, ನಮ್ಮ ಭಾಷೆಯಲ್ಲಿ ಕಣಜ. ಹಡಗಿನಿಂದ ಇಳಿದ ಧಾನ್ಯ ತುಂಬಿಡಲು ಬಂದರಿನ ಬದಿಯಲ್ಲಿ ಕಟ್ಟಿದ ಭಾರಿ ಕಟ್ಟಡ. ಈಗ ಅಲ್ಲಿ ಧಾನ್ಯ ಇಲ್ಲ, ಕಾರುಗಳು ನಿಲ್ಲುತ್ತವೆ. ಕಟ್ಟಡ ಮಾತ್ರ ಉಳಿದಿದೆ. ಕಾರು ನಿಲ್ಲಿಸುವ ಜಾಗ ಅಂದರೆ ದೊಡ್ಡ ಗೌರವ ಏನಲ್ಲ, ನಿಜ. ಆದರೂ ಕೆಡವಲಿಲ್ಲ ಅಲ್ವಾ? ಆ ದಿನ ನನಗೆ ಅಷ್ಟೇ ಸಾಕಾಗಿತ್ತು. ಫೋನ್ ಜೇಬಿಗೆ ಹಾಕಿ ಸ್ವಲ್ಪ ಹೊತ್ತು ಅಲ್ಲೇ ಗೋಡೆಗೆ ಕೈ ಇಟ್ಟು ನಿಂತೆ.

ನಾನು ಮಾರಿಷಸ್‌ಗೆ ಬಂದು ಏಳು ವರ್ಷ ಆಯಿತು. ಕೆಲಸ ಎಬೆನ್‌ನಲ್ಲಿ, ಮನೆ ರೋಸ್ ಹಿಲ್‌ನಲ್ಲಿ. ಈ ದ್ವೀಪದ ಕಥೆಯೆಲ್ಲ ಕಬ್ಬಿನ ಕಥೆ. ಫ್ರೆಂಚರ ಕಾಲದಲ್ಲಿ, 1735ರಲ್ಲಿ, ಲಾ ಬೂರ್ದೊನೇ ಎಂಬ ಗವರ್ನರ್ ಬಂದು ಪೋರ್ಟ್ ಲೂಯಿಯನ್ನು ನಿಜವಾದ ಬಂದರು ಮಾಡಿದ. ಇವತ್ತಿಗೂ ಅವನ ಪ್ರತಿಮೆ ನೀರಿನ ಕಡೆಗೇ ಇದೆ. 1810ರಲ್ಲಿ ಬ್ರಿಟಿಷರು ಬಂದರು. ಆಮೇಲೆ ಎಲ್ಲಿ ನೋಡಿದರೂ ಕಬ್ಬು. ತೋಟ ಒಳನಾಡಿನಲ್ಲಿ, ಲೆಕ್ಕ ಮತ್ತು ಹಡಗು ಪೋರ್ಟ್ ಲೂಯಿಯಲ್ಲಿ. 1864ರಲ್ಲಿ ರೈಲು ಬಂತು. ಸಕ್ಕರೆ ಮೂಟೆ ರೈಲಿನಲ್ಲಿ ಇಳಿದು ಬಂದರು ಸೇರುತ್ತಿತ್ತು. ಆ ರೈಲು ನಿಂತುಹೋಗಿ ಎಷ್ಟೋ ಕಾಲ ಆಗಿತ್ತು. ಈಗ ಬಹುಪಾಲು ಅದೇ ಹಳೇ ದಾರಿಯಲ್ಲಿ ಮೆಟ್ರೋ ಓಡುತ್ತದೆ. ಕಟ್ಟಿದ್ದು ನಮ್ಮ ಎಲ್ ಅಂಡ್ ಟಿ. ರೋಸ್ ಹಿಲ್‌ನಲ್ಲಿ ಹತ್ತಿ ವಿಕ್ಟೋರಿಯಾ ನಿಲ್ದಾಣದಲ್ಲಿ ಇಳಿದರೆ ಕೌಡಾನ್‌ಗೆ ನಡೆದೇ ಹೋಗಬಹುದು.

ನಾನು ಹೇಳಬೇಕೆಂದಿರುವುದು ಈ ಕೌಡಾನ್ ಬಗ್ಗೆಯೇ. ಹಿಂದೆ ಆ ಕಡೆಯ ಹಡಗುಕಟ್ಟೆಗಳಲ್ಲಿ ಸಕ್ಕರೆ ಮೂಟೆಗಳ ಕಾರುಬಾರು. ಆಮೇಲೆ ಸಕ್ಕರೆಗೆ ಬೇರೆಯೇ ಟರ್ಮಿನಲ್ ಬಂತು, ಕಂಟೇನರುಗಳು ಉತ್ತರದ ಮೇರ್ ರೂಜ್ ಕಡೆ ಹೋದವು. ಊರಿನ ಎದುರಿನ ನೀರು ಖಾಲಿಯಾಯಿತು. 1996ರಲ್ಲಿ ಅಲ್ಲಿ ಕೌಡಾನ್ ವಾಟರ್‌ಫ್ರಂಟ್ ತೆರೆಯಿತು. ಅಂಗಡಿ, ಸಿನಿಮಾ, ಹೋಟೆಲು ಎಲ್ಲ ಇವೆ. ಬ್ಲೂ ಪೆನ್ನಿ ಮ್ಯೂಸಿಯಂ ಇದೆ, 1847ರ ಆ ಪ್ರಸಿದ್ಧ ಅಂಚೆಚೀಟಿಗಳು ಅಲ್ಲಿವೆ. ನನಗೆ ಅವೆಲ್ಲ ಮುಖ್ಯ ಅಲ್ಲ. ನೀರಿನ ಅಂಚಿಗೆ ಉದ್ದಕ್ಕೂ ನಡೆಯಲು ದಾರಿ ಇದೆ, ಕೂರಲು ಬೆಂಚು ಇದೆ. ಯಾರೂ ಬಂದು ಏನು ಬೇಕು ಎಂದು ಕೇಳುವುದಿಲ್ಲ. ಅದು ಮುಖ್ಯ.

ಎರಡು ವರ್ಷದ ಹಿಂದೆ ಅಮ್ಮ ಬಂದಿದ್ದರು. ಮೊದಲು ಆಪ್ರವಾಸಿ ಘಾಟ್‌ಗೆ ಕರೆದುಕೊಂಡು ಹೋದೆ. 1834ರಿಂದ 1920ರವರೆಗೆ ಭಾರತದಿಂದ ಸುಮಾರು ಐದು ಲಕ್ಷ ಜನ ಕೂಲಿ ಕರಾರಿನ ಮೇಲೆ ಈ ದ್ವೀಪಕ್ಕೆ ಬಂದರು. 1849ರಲ್ಲಿ ಅವರನ್ನು ಇಳಿಸಿಕೊಳ್ಳಲು ಇದೇ ಘಾಟ್‌ನಲ್ಲಿ ವಲಸೆ ಡಿಪೋ ಕಟ್ಟಿದರು. ಹಡಗಿನಿಂದ ಇಳಿದು ಮೇಲೆ ಹತ್ತಿ ಬಂದ ಹದಿನಾರು ಕಲ್ಲಿನ ಮೆಟ್ಟಿಲು ಈಗಲೂ ಅಲ್ಲಿದೆ. 2006ರಲ್ಲಿ ಯುನೆಸ್ಕೋ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಪಕ್ಕದ ಹಳೇ ಉಗ್ರಾಣದಲ್ಲಿ ಆ ಜನರ ಕಥೆ ಹೇಳುವ ಮ್ಯೂಸಿಯಂ ಮಾಡಿದ್ದಾರೆ. ಅಮ್ಮ ಮೆಟ್ಟಿಲು ಎಣಿಸಿದರು. "ಪಾಪ, ಎಲ್ಲಿಗೆ ಬಂದಿದ್ದೇವೆ ಅಂತಲೂ ಗೊತ್ತಿರಲಿಕ್ಕಿಲ್ಲ" ಅಂದರು.

ಆಮೇಲೆ ಕೌಡಾನ್‌ಗೆ ಬಂದೆವು. ಅಮ್ಮ ಒಂದು ಬೆಂಚಿನಲ್ಲಿ ಕೂತರು. ಅರ್ಧ ಗಂಟೆ ಆಯಿತು, ಒಂದು ಗಂಟೆ ಆಯಿತು, ಏಳಲೇ ಇಲ್ಲ. ಎದುರಿಗೆ ದೋಣಿ, ಆಚೆಗೆ ಹಡಗು, ಹಿಂದೆ ಬೆಟ್ಟ. ನಾನು ದಾಲ್ ಪುರಿ ತಂದುಕೊಟ್ಟೆ. ತಿನ್ನುತ್ತಾ ಹೇಳಿದರು, "ನಾನು ಹುಟ್ಟಿದ್ದೇ ಬಂದರಿನ ಬದಿಯಲ್ಲಿ. ಆದ್ರೆ ನೀರಿನ ಹತ್ತಿರ ಹೀಗೆ ಸುಮ್ನೆ ಕೂತದ್ದು ಇದೇ ಮೊದಲು."

ಆ ಮಾತು ನನಗೆ ಚುಚ್ಚಿತು. ಎಪ್ಪತ್ತೆರಡು ವರ್ಷದ ಹೆಂಗಸು. ಬಂದರಿನ ಗಲ್ಲಿಯಲ್ಲಿ ಬೆಳೆದವರು. ಅಪ್ಪನಿಗೆ ಬುತ್ತಿ ಕೊಡಲು ದಿನಾ ಗೋದಾಮಿನ ಬಾಗಿಲವರೆಗೆ ಹೋದವರು. ನೀರು ಅಲ್ಲಿಂದ ಐವತ್ತು ಹೆಜ್ಜೆ. ಆದರೆ ಅವರಿಗೆ ಅಲ್ಲಿ ಕೂರಲು ಜಾಗ ಇರಲಿಲ್ಲ. ಲಾರಿ, ಗೋಣಿ, ಬೈಗುಳ, ಗೋಡೆ, ಗೇಟು.

ಮಂಗಳೂರಿನ ಹಳೇ ಬಂದರು ಏನು ಕಡಿಮೆಯದ್ದಾ? ಘಟ್ಟದ ಕಾಫಿ, ಕರಿಮೆಣಸು, ಅಡಿಕೆ ಇಳಿದು ಬಂದದ್ದು ಅಲ್ಲಿಗೇ. 1865ರಲ್ಲಿ ಬಾಸೆಲ್ ಮಿಷನ್‌ನವರು ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಮಂಗಳೂರು ಹೆಂಚು ಕಡಲಾಚೆಗೆ ಹೋಯಿತು. ಅಳಿವೆಯ ಬಾಯಿಯಲ್ಲಿ ಮರಳ ದಿಬ್ಬ ಇತ್ತು. ದೊಡ್ಡ ಹಡಗು ಒಳಗೆ ಬರುವ ಹಾಗಿರಲಿಲ್ಲ. ಹೊರಗೇ ಲಂಗರು ಹಾಕುತ್ತಿದ್ದವು, ಸಾಮಾನು ದೋಣಿಯಲ್ಲಿ ಹೋಗುತ್ತಿತ್ತು. 1975ರಲ್ಲಿ ಪಣಂಬೂರಿನ ಹೊಸ ಬಂದರು ಉದ್ಘಾಟನೆಯಾಯಿತು. ದೊಡ್ಡ ವ್ಯಾಪಾರವೆಲ್ಲ ಅಲ್ಲಿಗೆ ಸೇರಿತು. ಪೋರ್ಟ್ ಲೂಯಿಯಲ್ಲಿ ಆದದ್ದೂ ಇದೇ ತಾನೇ? ಸಾಮಾನು ಬೇರೆ ಕಡೆ ಹೋಯಿತು, ಹಳೇ ದಡ ಉಳಿಯಿತು. ಇವರು ಆ ದಡವನ್ನು ಊರಿನ ಜನಕ್ಕೆ ಬಿಟ್ಟುಕೊಟ್ಟರು. ನಾವು ಆ ದಡಕ್ಕೆ ಬೆನ್ನು ಹಾಕಿದೆವು. ಮುರಕಲ್ಲಿನ ಗೋದಾಮು ಒಂದೊಂದೇ ಬೀಳುವಾಗ ಯಾರೂ ಕೇಳಲಿಲ್ಲ.

ಊರಿನಲ್ಲಿ ಇದನ್ನು ಹೇಳಿದರೆ ಗೆಳೆಯರು ಸಿಟ್ಟಾಗುತ್ತಾರೆ. "ಅಲ್ಲಿ ಕೂತು ಇಲ್ಲಿಗೆ ಬುದ್ಧಿ ಹೇಳಬೇಡ" ಅನ್ನುತ್ತಾರೆ. ಇರಲಿ. ನನ್ನ ಊರು ಎಂಬ ಸಂಕಟಕ್ಕೇ ಹೇಳುವುದು. ಬೇರೆ ಊರಾಗಿದ್ದರೆ ನನಗೇನು?

ಇಷ್ಟು ಹೇಳಿದ ಮೇಲೆ ಕೆಲವು ವಿಷಯ ಒಪ್ಪಲೇಬೇಕು. ಒಪ್ಪಲು ಮನಸ್ಸಿಲ್ಲ, ಆದರೂ.

ನನ್ನ ಆಫೀಸಿನಲ್ಲಿ ಒಬ್ಬ ಸಹೋದ್ಯೋಗಿ ಇದ್ದಾನೆ. ಅವನ ತಾತ ಇಲ್ಲಿನ ಬಂದರಿನಲ್ಲಿ ಮೂಟೆ ಹೊರುತ್ತಿದ್ದವರು. 1980ರ ಸುಮಾರಿಗೆ ಹೊಸ ಸಕ್ಕರೆ ಟರ್ಮಿನಲ್ ಬಂತು. ಬೆಲ್ಟಿನ ಮೇಲೆ ಸಕ್ಕರೆ ನೇರ ಹಡಗಿಗೆ ಸುರಿಯಲು ಶುರುವಾಯಿತು. ಬೆನ್ನ ಮೇಲೆ ಮೂಟೆ ಹೊರುವ ಕೆಲಸವೇ ಹೋಯಿತು. ಕೌಡಾನ್ ಚೆನ್ನಾಗಿದೆ ಎಂದು ಮೊಮ್ಮಕ್ಕಳು ಎಷ್ಟು ಕರೆದರೂ ಆ ತಾತ ಸಾಯುವವರೆಗೂ ಅಲ್ಲಿಗೆ ಕಾಲಿಡಲಿಲ್ಲವಂತೆ. ಇದನ್ನು ಕೇಳಿದ ದಿನ ನನಗೆ ಉತ್ತರ ಹೊಳೆಯಲಿಲ್ಲ.

ಇಲ್ಲಿಯೂ ಎಲ್ಲವನ್ನೂ ಉಳಿಸಿಕೊಂಡಿಲ್ಲ. ವಲಸೆ ಡಿಪೋದ ದೊಡ್ಡ ಭಾಗ ಹೋಗಿದೆ, ಹೆದ್ದಾರಿ ಅದನ್ನು ಸೀಳಿಕೊಂಡೇ ಹೋಗಿದೆ. ಉಳಿದ ತುಂಡನ್ನು ಈಗ ಕಣ್ಣಿಗೆ ಒತ್ತಿಕೊಳ್ಳುತ್ತಾರೆ. ಮಳೆಯ ವಿಷಯವೂ ಇದೆ. 2013ರ ಮಾರ್ಚ್ 30ರಂದು ಸುರಿದ ಮಳೆಗೆ ಪೋರ್ಟ್ ಲೂಯಿಯಲ್ಲಿ 11 ಜನ ಸತ್ತರು. ಕೆಲವರು ಕೌಡಾನ್ ಹತ್ತಿರದ ಸುರಂಗ ದಾರಿಯಲ್ಲೇ ಸಿಕ್ಕಿಹಾಕಿಕೊಂಡರು. 2024ರ ಜನವರಿಯಲ್ಲಿ ಬೆಲಾಲ್ ಚಂಡಮಾರುತ ಬಂದಾಗ ಇದೇ ಊರಿನ ರಸ್ತೆಯಲ್ಲಿ ಕಾರುಗಳು ತೇಲಿದ್ದನ್ನು ನಾನೇ ಕಂಡಿದ್ದೇನೆ. ಬೆಟ್ಟದಿಂದ ಇಳಿಯುವ ನೀರು ಕಡಲು ಸೇರುವ ಜಾಗದಲ್ಲಿ ಇಷ್ಟೆಲ್ಲ ಕಟ್ಟಿದರೆ ಅದು ಹೋಗುವುದಾದರೂ ಎಲ್ಲಿಗೆ?

ಇನ್ನೂ ಒಂದಿದೆ. ಸಂಜೆ ಐದಾದರೆ ಆಫೀಸು ಮುಚ್ಚುತ್ತದೆ, ಪೋರ್ಟ್ ಲೂಯಿ ಖಾಲಿ. ಎಲ್ಲರೂ ಮೇಲಿನ ಊರುಗಳಿಗೆ ಹೊರಡುತ್ತಾರೆ, ನಾನೂ ಸೇರಿ. ಅಮ್ಮ ಆ ದಿನ ಬೆಂಚಿನಿಂದ ಏಳುವಾಗ ಕೇಳಿದ್ದರು, "ಇಲ್ಲಿ ಮೀನಿನ ವಾಸನೆಯೇ ಇಲ್ಲ ಯಾಕೆ?" ಆಗ ಅದನ್ನು ಹೊಗಳಿಕೆ ಅಂದುಕೊಂಡಿದ್ದೆ. ಈಗ ಹಾಗೆ ಅನಿಸುವುದಿಲ್ಲ. ನಮ್ಮ ಬಂದರಿನಲ್ಲಿ ಬೆಳಕು ಹರಿಯುವ ಮೊದಲೇ ಧಕ್ಕೆಯಲ್ಲಿ ಮೀನು ಇಳಿಯುತ್ತದೆ. ಮಂಜಿಗಳು, ಅಂದರೆ ಸರಕಿನ ದೊಡ್ಡ ದೋಣಿಗಳು, ಲಕ್ಷದ್ವೀಪಕ್ಕೆ ತರಕಾರಿ, ಸಿಮೆಂಟು, ಅಕ್ಕಿ ಹೊತ್ತು ಹೋಗುತ್ತವೆ. ಸಾವಿರಾರು ಜನ ಅಲ್ಲಿ ಅನ್ನ ಉಣ್ಣುತ್ತಾರೆ. ಅದನ್ನು ಎಬ್ಬಿಸಿ ಬೆಂಚು ಹಾಕಿ ಎಂದು ನಾನು ಕೇಳಲಾರೆ. ನೇತ್ರಾವತಿ ದಡದಲ್ಲಿ ಸ್ಮಾರ್ಟ್ ಸಿಟಿಯವರು ನಡೆಯುವ ದಾರಿಯ ಕೆಲಸ ಮಾಡಿದ್ದಾರೆ. ಅದನ್ನೂ ಹೇಳದಿದ್ದರೆ ತಪ್ಪಾಗುತ್ತದೆ.

ಆದರೂ ಒಂದು ಗೋದಾಮು ಉಳಿಸಬಹುದಿತ್ತು. ಒಂದೇ ಒಂದು. ಮೀನಿನ ಕೆಲಸ ನಡೆಯುತ್ತಲೇ ಇರಲಿ, ಮಂಜಿ ಬರುತ್ತಲೇ ಇರಲಿ, ಪಕ್ಕದಲ್ಲಿ ಒಂದು ಬಾಗಿಲು ತೆರೆದಿಟ್ಟು ಒಳಗೆ ತಕ್ಕಡಿ, ಗೋಣಿ, ಲೆಕ್ಕದ ಪುಸ್ತಕ ಇಡಬಹುದಿತ್ತು. ಅಜ್ಜನ ಕೈಬರಹದ ಪುಸ್ತಕಗಳು ಅಲ್ಲೇ ಅಟ್ಟದ ಮೇಲೆ ಇದ್ದವಂತೆ. ಅವು ಏನಾದವೋ.

ರಾತ್ರಿ ಭಾವನಿಗೆ ಫೋನ್ ಮಾಡಿದೆ. ಪಕ್ಕದ ಗೋದಾಮು ಇನ್ನೂ ನಿಂತಿದೆಯಂತೆ. ಅದರಲ್ಲಿ ಈಗಲೂ ಲಕ್ಷದ್ವೀಪಕ್ಕೆ ಹೋಗುವ ಈರುಳ್ಳಿ ಇಡುತ್ತಾರಂತೆ. ಡಿಸೆಂಬರಿನಲ್ಲಿ ಊರಿಗೆ ಬರುತ್ತೇನೆ, ಅಮ್ಮನನ್ನು ಕರೆದುಕೊಂಡು ಅಲ್ಲಿಗೆ ಹೋಗೋಣ ಎಂದೆ. "ಅಲ್ಲಿ ಕೂರಲಿಕ್ಕೆ ಎಲ್ಲಿದೆ ಮಾರಾಯ?" ಅಂದರು ಭಾವ. ಸ್ವಲ್ಪ ಹೊತ್ತು ಬಿಟ್ಟು ಅವರೇ ಹೇಳಿದರು, "ಇರಲಿ, ಅತ್ತೆಗೆ ಒಂದು ಕುರ್ಚಿ ನಾನು ಮನೆಯಿಂದಲೇ ತರ್ತೇನೆ."